ಸ್ಪರ್ಶ ಕೋನ ಒಂದೇ ಸಾಕೇ?

ತಾವರೆ ಎಲೆಯ ಮೇಲೆ ನೀರಹನಿ ಮುತ್ತಿನಂತೆ ಉರುಳುವುದನ್ನು ನೀವು ನೋಡಿದ್ದೀರಿ. ಅದನ್ನು ವಿವರಿಸುವ ಎಷ್ಟೋ ಪಾಠ ಟಿಪ್ಪಣಿಗಳು, ಜನಪ್ರಿಯ ಲೇಖನಗಳು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ: ಸ್ಪರ್ಶ ಕೋನ 150 ಡಿಗ್ರಿ ಮೀರಿದರೆ ಮೇಲ್ಮೈಗೆ ನೀರು ಅಂಟುವುದಿಲ್ಲ. ಈ ಮಾತು ಅರ್ಧ ಸತ್ಯ.

ಗುಲಾಬಿ ದಳವನ್ನು ನೋಡಿ. 2008ರಲ್ಲಿ ಚೀನಾದ ಸಂಶೋಧಕರು ಅಳೆದಾಗ ಅದರ ಮೇಲಿನ ಹನಿಯ ಸ್ಪರ್ಶ ಕೋನ ಸುಮಾರು 152 ಡಿಗ್ರಿ ಇತ್ತು. ಆದರೆ ದಳವನ್ನು ತಲೆಕೆಳಗು ಮಾಡಿದರೂ ಸಣ್ಣ ಹನಿ ಬೀಳಲಿಲ್ಲ!

ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. ನಯವಾದ ಮೇಣದ ಮೇಲೆ ಸ್ಪರ್ಶ ಕೋನ 110 ಡಿಗ್ರಿ ಎಂದುಕೊಳ್ಳಿ. ಅದೇ ಮೇಣದ ಒರಟು ಮೇಲ್ಮೈಯ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು, ಹನಿಯ ತಳದ ಹತ್ತನೇ ಒಂದು ಭಾಗ ಮಾತ್ರ ಘನವನ್ನು ಮುಟ್ಟಿದರೆ, ಕ್ಯಾಸಿ-ಬ್ಯಾಕ್ಸ್‌ಟರ್ ಸಮೀಕರಣದ (1944) ಪ್ರಕಾರ ಕೋನ ಸುಮಾರು 159 ಡಿಗ್ರಿ. ನೀರು ತಗ್ಗುಗಳನ್ನೂ ತುಂಬಿ, ಒರಟುತನದಿಂದ ಮೇಲ್ಮೈ ವಿಸ್ತೀರ್ಣ 2.6 ಪಟ್ಟಾಗಿದ್ದರೆ, ವೆನ್ಜೆಲ್ ಸಮೀಕರಣದ (1936) ಪ್ರಕಾರ ಸುಮಾರು 153 ಡಿಗ್ರಿ. ಎರಡೂ 150ರ ಮೇಲೆಯೇ. ಮೊದಲನೆಯ ಹನಿ ಉರುಳುತ್ತದೆ, ಎರಡನೆಯದು ಅಂಟುತ್ತದೆ. ಗುಲಾಬಿ ದಳದಲ್ಲಿ ನೀರು ದೊಡ್ಡ ಉಬ್ಬುಗಳ ನಡುವೆ ಇಳಿಯುತ್ತದೆ, ಅವುಗಳ ಮೇಲಿನ ನ್ಯಾನೊ ಮಡಿಕೆಗಳಲ್ಲಿ ಮಾತ್ರ ಗಾಳಿ ಉಳಿಯುತ್ತದೆ.

ಆದ್ದರಿಂದ ಅಂಟಿಕೆಯನ್ನು ತಿಳಿಯಲು ಹನಿ ಮುಂದುವರಿಯುವಾಗಿನ ಮತ್ತು ಹಿಂಜರಿಯುವಾಗಿನ ಕೋನಗಳ ವ್ಯತ್ಯಾಸವನ್ನು ಅಳೆಯಬೇಕು. ಅದು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಉಬ್ಬುಗಳ ಎತ್ತರ, ಅಂತರಗಳನ್ನು ಬದಲಿಸಿ ಅದನ್ನು ಹತೋಟಿಯಲ್ಲಿಡಬಹುದು.

ಸಿಕ್ಕಿಕೊಂಡ ಗಾಳಿಯೂ ಶಾಶ್ವತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಬ್ಜಿ, ಗೋವರ್ಧನ್ ಮತ್ತು ಸಂಗಡಿಗರು ಬೆಳಕಿನ ಪೂರ್ಣ ಆಂತರಿಕ ಪ್ರತಿಫಲನದ ನೆರವಿನಿಂದ, ನೀರಿನಡಿ ಈ ಗಾಳಿ ಕಾಲಕ್ರಮದಲ್ಲಿ ಕರಗಿಹೋಗುವುದನ್ನು 2009ರಲ್ಲಿ ತೋರಿಸಿದರು. ಜಾಹೀರಾತುಗಳ 'ತಾನೇ ಶುಚಿಗೊಳ್ಳುವ' ಲೇಪಗಳನ್ನು ಕುರಿತು ಓದುವಾಗ ಇದು ನೆನಪಿರಲಿ.

ಸೇಡಂ ತಾಲ್ಲೂಕಿನ ಕುರಕುಂಟಾ ಸುಣ್ಣಕಲ್ಲಿನ, ಸಿಮೆಂಟಿನ ಸೀಮೆ. ಅಲ್ಲಿನ ವಿದ್ಯಾರ್ಥಿಗೆ ಎಲೆಯ ಮೇಲಿನ ದೂಳು ಹೊಸತಲ್ಲ. ಒಣ ದೂಳನ್ನು ಉರುಳುವ ಹನಿ ಎತ್ತಿಕೊಂಡು ಹೋಗಬಹುದು; ಇಬ್ಬನಿಯಲ್ಲಿ ನೆನೆದು ಗಟ್ಟಿಯಾದ ಸಿಮೆಂಟನ್ನು ಹಾಗೆ ಒಯ್ಯಲಾರದು. "ಸರ್, ನನ್ನ ಎಲೆಯ ಮೇಲೆ ಹನಿ ಉರುಳಲಿಲ್ಲ" ಎಂದು ಆತ ಹೇಳಿದರೆ, ಸೂತ್ರ ತೋರಿಸಿ ಅವನ ಬಾಯಿ ಮುಚ್ಚಿಸಬೇಡಿ. ಒಂದು ಕೆಸುವಿನ ಎಲೆ, ಒಂದು ಗುಲಾಬಿ ದಳ ಕೊಟ್ಟು ಎರಡನ್ನೂ ಮೆಲ್ಲಗೆ ಓರೆ ಮಾಡಲು ಹೇಳಿ. ಎಲ್ಲ ಗುಲಾಬಿಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಅದನ್ನೂ ಆತನೇ ಕಂಡುಕೊಳ್ಳಲಿ.