ಪಕ್ಕವಾದ್ಯದಿಂದ ಉತ್ಸವಮೂರ್ತಿಗೆ: ನಗರದ ಪಿಟೀಲು ಉತ್ಸವವೊಂದರ ಜಾನಪದೀಯ ಪರಾಮರ್ಶೆ

ಕರ್ನಾಟಕದಲ್ಲಿ ಸಂಗೀತೋತ್ಸವಗಳು ಬಹುಮಟ್ಟಿಗೆ ದೇವರ ಹೆಸರಿನಲ್ಲೋ ವಾಗ್ಗೇಯಕಾರರ ಹೆಸರಿನಲ್ಲೋ ನಡೆದುಕೊಂಡು ಬಂದಿವೆ. ರಾಮನವಮಿ, ಗಣೇಶೋತ್ಸವ, ನವರಾತ್ರಿ, ಪುರಂದರದಾಸರ ಹಾಗೂ ತ್ಯಾಗರಾಜರ ಆರಾಧನೆಗಳು ಇವುಗಳ ಪ್ರಮುಖ ಸಂದರ್ಭಗಳು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯು ೧೯೩೯ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವವು ಇದಕ್ಕೆ ಉತ್ತಮ ನಿದರ್ಶನ. ಇಂತಹ ಉತ್ಸವಗಳಲ್ಲಿ ಪಿಟೀಲು ಇಲ್ಲದ ಸಂಜೆ ವಿರಳ. ಆದರೆ ಉತ್ಸವವು ಪಿಟೀಲಿಗಾಗಿಯೇ ನಡೆಯುತ್ತಿದೆ ಎಂದು ಯಾರೂ ಭಾವಿಸುವುದಿಲ್ಲ. ಗಾಯಕರ ಎಡಬದಿಗೆ ಕುಳಿತ ಆ ವಾದ್ಯವು ಎಲ್ಲ ದಿನಗಳಲ್ಲಿಯೂ ಇರುತ್ತದೆ. ಯಾವ ದಿನವೂ ಅದರದ್ದಾಗಿರುವುದಿಲ್ಲ.

ಇದಕ್ಕೆ ಎದುರಾಗಿ, ಪಿಟೀಲನ್ನೇ ಕೇಂದ್ರದಲ್ಲಿರಿಸಿ ಅದರ ಸುತ್ತ ಬೇರೆ ಬೇರೆ ಸಂಗೀತ ಪದ್ಧತಿಗಳನ್ನು ಒಂದೇ ವೇದಿಕೆಗೆ ತರುವ ನಗರೋತ್ಸವಗಳು ಕಳೆದ ಕೆಲವು ದಶಕಗಳಲ್ಲಿ ರೂಪುಗೊಂಡಿವೆ. ಎಲ್. ಸುಬ್ರಮಣ್ಯಂ ಅವರು ೧೯೯೨ರಲ್ಲಿ ಆರಂಭಿಸಿದ ಲಕ್ಷ್ಮೀನಾರಾಯಣ ಜಾಗತಿಕ ಸಂಗೀತೋತ್ಸವವು ಈ ಬಗೆಯಲ್ಲಿ ಮುಖ್ಯವಾದುದು. ಬೆಂಗಳೂರೂ ಸೇರಿದಂತೆ ಭಾರತದ ಹಲವು ನಗರಗಳಲ್ಲಿಯೂ ಹೊರದೇಶಗಳಲ್ಲಿಯೂ ಇದು ನಡೆದಿದೆ. ಇದರ ಹೆಸರಿನಲ್ಲಿ ಪಿಟೀಲು ಎಂಬ ಮಾತಿಲ್ಲವಾದರೂ ಇದರ ಪ್ರೇರಣೆ, ಸಂಘಟನೆ ಮತ್ತು ವೇದಿಕೆಯ ಕೇಂದ್ರಸ್ಥಾನ ಪಿಟೀಲಿನದೇ ಆಗಿದೆ. ಈ ಉತ್ಸವದ ಸ್ವರೂಪವನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸಿ, ಇಂತಹ ಉತ್ಸವಗಳು ಯಾವುದನ್ನು ಗೌರವಿಸುತ್ತವೆ, ಯಾವುದನ್ನು ಮರೆಯುವ ಸಂಭವವಿದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೧. ವಾದ್ಯದ ದೇಸೀಕರಣ

ಪಿಟೀಲು ದಕ್ಷಿಣ ಭಾರತದ ಸಂಗೀತಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಆಸುಪಾಸಿನಲ್ಲಿ. ಮುತ್ತುಸ್ವಾಮಿ ದೀಕ್ಷಿತರ ಸೋದರ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕರಿಂದ ಇದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಹೊಂದಿಸಿದರೆಂಬುದು ಪ್ರಸಿದ್ಧ. ತಂಜಾವೂರು ಸೋದರ ಚತುಷ್ಟಯದ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ೧೮೩೪ರಲ್ಲಿ ದಂತದ ಪಿಟೀಲನ್ನು ನೀಡಿ ಗೌರವಿಸಿದರು. ಹೀಗೆ ಕೋಟೆಯ ವಾದ್ಯವಾಗಿ ಬಂದುದು ಎರಡು ಮೂರು ದಶಕಗಳಲ್ಲಿಯೇ ಅರಮನೆಯ ವಾದ್ಯವಾಯಿತು.

ಆದರೆ ಅರಮನೆಯ ಮನ್ನಣೆಯೊಂದರಿಂದಲೇ ವಾದ್ಯವು ದೇಸಿಯಾಗುವುದಿಲ್ಲ. ಅದಕ್ಕೆ ಭಾಷೆಯ ಸಾಕ್ಷ್ಯವೂ ಬೇಕು. ‘ವಯೊಲಿನ್’ ಎಂಬುದು ಗ್ರಂಥಗಳಲ್ಲಿಯೂ ಆಹ್ವಾನ ಪತ್ರಿಕೆಗಳಲ್ಲಿಯೂ ಉಳಿದರೆ, ಜನರ ಬಾಯಲ್ಲಿ ನೆಲೆಸಿದುದು ‘ಫಿಡಲ್’ ಎಂಬ ಆಡುಮಾತಿನಿಂದ ಬಂದ ‘ಪಿಟೀಲು’. ಮೈಸೂರು ಟಿ. ಚೌಡಯ್ಯನವರು ಕನ್ನಡಿಗರಿಗೆ ಪಿಟೀಲು ಚೌಡಯ್ಯನವರೇ ಆದರು. ಬೇಸರ ತರಿಸುವ ಮಾತುಗಾರನನ್ನು ಕುರಿತು ‘ಪಿಟೀಲು ಕುಯ್ಯುತ್ತಾನೆ’ ಎಂದು ಹಾಸ್ಯ ಮಾಡುವ ವಾಡಿಕೆಯೂ ಬೆಳೆಯಿತು. ಪರಕೀಯ ವಸ್ತುವೊಂದು ನುಡಿಗಟ್ಟಿನೊಳಗೆ, ಅದರಲ್ಲಿಯೂ ಲೇವಡಿಯೊಳಗೆ ಸೇರಿಕೊಂಡಿತೆಂದರೆ ಅದು ಮನೆಯ ವಸ್ತುವಾಯಿತೆಂದೇ ಅರ್ಥ.

ಈ ದೇಸೀಕರಣವು ವಾದ್ಯದ ದೇಹದಲ್ಲಿಯೂ ವಾದಕನ ದೇಹದಲ್ಲಿಯೂ ನಡೆದಿದೆ. ಪಾಶ್ಚಾತ್ಯ ವಾದಕ ನಿಂತು ಅಥವಾ ಕುರ್ಚಿಯಲ್ಲಿ ಕುಳಿತು ವಾದ್ಯವನ್ನು ಗಲ್ಲದಡಿಯಲ್ಲಿ ಹಿಡಿಯುತ್ತಾನೆ. ಕರ್ನಾಟಕ ಪದ್ಧತಿಯ ವಾದಕ ನೆಲದ ಮೇಲೆ ಪದ್ಮಾಸನಕ್ಕೆ ಸಮೀಪದ ಭಂಗಿಯಲ್ಲಿ ಕುಳಿತು ವಾದ್ಯದ ತುದಿಯನ್ನು ಬಲಗಾಲಿನ ಹರಡಿನ ಮೇಲೆ ಊರುತ್ತಾನೆ. ವಾದ್ಯದ ಭಾರವನ್ನು ಪಾದವೇ ಹೊರುವುದರಿಂದ ಎಡಗೈ ತಂತಿಯ ಉದ್ದಕ್ಕೂ ಜಾರಲು ಮುಕ್ತವಾಗುತ್ತದೆ. ಗಮಕ ಸಾಧ್ಯವಾಗುವುದು ಈ ಸ್ವಾತಂತ್ರ್ಯದಿಂದ. ಪಾಶ್ಚಾತ್ಯ ಶ್ರುತಿಕ್ರಮದಲ್ಲಿ ಪಕ್ಕಪಕ್ಕದ ತಂತಿಗಳ ನಡುವೆ ಎಲ್ಲೆಡೆಯೂ ಷಡ್ಜ–ಪಂಚಮದ ಅಂತರವಿದ್ದರೆ, ಇಲ್ಲಿ ತಂತಿಗಳು ಸ–ಪ–ಸ–ಪ ಎಂದು ಕೂಡಿರುತ್ತವೆ. ವಾದ್ಯದ ಆಕಾರ ಬದಲಾಗಲಿಲ್ಲ. ಅದನ್ನು ಬಳಸುವ ಸಂಪೂರ್ಣ ವ್ಯಾಕರಣ ಬದಲಾಯಿತು.

೨. ಪಕ್ಕವಾದ್ಯವೆಂಬ ವಿದ್ಯೆ

ಈ ಬದಲಾವಣೆಯನ್ನು ಯಾವುದೇ ಶಾಸ್ತ್ರಗ್ರಂಥವು ವಿಧಿಸಲಿಲ್ಲ. ಗಾಯಕರ ಪಕ್ಕದಲ್ಲಿ ಕುಳಿತು, ಅವರ ಧ್ವನಿಯನ್ನು ಕ್ಷಣಮಾತ್ರದ ಅಂತರದಲ್ಲಿ ಅನುಸರಿಸುತ್ತ ತಲೆಮಾರುಗಳ ವಾದಕರು ಇದನ್ನು ಸಾಧಿಸಿದರು. ಪಕ್ಕವಾದ್ಯಗಾರನಿಗೆ ಮುಂದೆ ಬರುವ ಸಂಗತಿ ತಿಳಿದಿರುವುದಿಲ್ಲ. ಆಲಾಪನೆಯಲ್ಲಿ ಗಾಯಕನ ನೆರಳಾಗಿರಬೇಕು. ತನ್ನ ಸರದಿ ಬಂದಾಗ ಅದೇ ರಾಗವನ್ನು ಪುನರುಕ್ತಿಯಾಗದಂತೆ ನುಡಿಸಬೇಕು. ಕಲ್ಪನಾಸ್ವರಕ್ಕೆ ಆ ಗಳಿಗೆಯಲ್ಲಿಯೇ ಉತ್ತರ ಕೊಡಬೇಕು. ಗಾಯಕ ಉಸಿರು ತೆಗೆದುಕೊಳ್ಳುವಾಗ ನಾದ ಕಡಿಯದಂತೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲಿ ನುಡಿಸಬಾರದೆಂಬುದನ್ನು ಅರಿತಿರಬೇಕು. ಮೌಖಿಕ ಪರಂಪರೆಯಲ್ಲಿ ಹಿಮ್ಮೇಳದ ಕಲಾವಿದನು ಕಥನಕಾರನ ಸೊಲ್ಲನ್ನು ಎತ್ತಿಕೊಳ್ಳುವ ಕ್ರಮಕ್ಕೂ ಇದಕ್ಕೂ ನಿಕಟ ಸಾಮ್ಯವಿದೆ. ಎರಡರಲ್ಲಿಯೂ ಕೇಳುವುದೇ ಮೊದಲ ವಿದ್ಯೆ, ನುಡಿಸುವುದು ಅನಂತರದ್ದು.

ಚೌಡಯ್ಯನವರ ಏಳು ತಂತಿಯ ಪಿಟೀಲು ಈ ವಿದ್ಯೆಯ ಒತ್ತಡದಿಂದಲೇ ಹುಟ್ಟಿದುದು. ತಿರುಮಕೂಡಲು ನರಸೀಪುರದಲ್ಲಿ ಜನಿಸಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿದ್ದ ಅವರು, ಧ್ವನಿವರ್ಧಕ ಇನ್ನೂ ಸಾಮಾನ್ಯವಾಗಿರದ ಕಾಲದಲ್ಲಿ, ವಾದ್ಯದ ನಾದವು ಸಭೆಯ ಕೊನೆಯ ಸಾಲಿಗೂ ಮುಟ್ಟಬೇಕೆಂದು ಮೂರು ತಂತಿಗಳಿಗೆ ಜೋಡಿ ತಂತಿಗಳನ್ನು ಸೇರಿಸಿದರು. ೧೯೨೭ರ ಸುಮಾರಿಗೆ ಈ ಪ್ರಯೋಗ ಬಳಕೆಗೆ ಬಂದಿತು. ಚೆಂಬೈ ವೈದ್ಯನಾಥ ಭಾಗವತರ ಗಾಯನ, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗದೊಂದಿಗೆ ಅವರು ನೀಡಿದ ಪಕ್ಕವಾದ್ಯವು ಕಛೇರಿಗಳ ಇತಿಹಾಸದಲ್ಲಿ ಮನೆಮಾತಾಗಿದೆ. ೧೯೫೭ರಲ್ಲಿ ಅವರಿಗೆ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಸಂದಿತು. ೧೯೮೦ರಲ್ಲಿ ಬೆಂಗಳೂರಿನಲ್ಲಿ ಅವರ ಸ್ಮಾರಕವಾಗಿ ಏಳು ತಂತಿಯ ಪಿಟೀಲಿನ ಆಕಾರದಲ್ಲಿಯೇ ಸಭಾಂಗಣ ನಿರ್ಮಾಣವಾಯಿತು. ಸಂಗೀತ, ನೃತ್ಯ, ನಾಟಕಗಳೆಲ್ಲ ಅದರೊಳಗೆ ನಡೆಯುತ್ತ ಬಂದಿವೆ. ಗಾಯಕರ ಪಕ್ಕದಲ್ಲಿ ಕುಳಿತು ಬಾಳಿದ ವಾದ್ಯವೊಂದು ಎಲ್ಲ ಕಲೆಗಳಿಗೂ ಆಶ್ರಯವಾದ ಈ ಪ್ರಸಂಗವನ್ನು ನಗರದ ಸಾಂಸ್ಕೃತಿಕ ಸಂಕೇತವೆಂದು ಪರಿಗಣಿಸಬೇಕು.

೩. ಆರಾಧನೆಯ ಹೊಸ ರೂಪ

ಲಕ್ಷ್ಮೀನಾರಾಯಣ ಉತ್ಸವದ ಹಿಂದಿರುವ ಆಶಯವು ಇದಕ್ಕಿಂತ ಭಿನ್ನ. ವಿ. ಲಕ್ಷ್ಮೀನಾರಾಯಣ ಅವರು ಶ್ರೀಲಂಕಾದ ಜಾಫ್ನಾದಲ್ಲಿ ಸಂಗೀತ ಶಿಕ್ಷಕರಾಗಿದ್ದರು. ೧೯೫೮ರ ಜನಾಂಗೀಯ ಗಲಭೆಗಳ ಕಾರಣದಿಂದ ಕುಟುಂಬವು ಮದರಾಸಿಗೆ ಬಂದಿತು. ಪಕ್ಕವಾದ್ಯದ ಮಿತಿಯಿಂದ ಪಿಟೀಲನ್ನು ಬಿಡಿಸಿ, ಜಗತ್ತಿನ ವೇದಿಕೆಗಳಲ್ಲಿ ಸ್ವತಂತ್ರ ವಾದ್ಯವಾಗಿ ನಿಲ್ಲಿಸಬೇಕೆಂಬುದು ಅವರ ಹಂಬಲವಾಗಿತ್ತು. ಅವರ ಮಕ್ಕಳಾದ ಎಲ್. ವೈದ್ಯನಾಥನ್, ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಮೂವರೂ ಪಿಟೀಲುವಾದಕರಾದರು. ಶಂಕರನಾಗ್ ನಿರ್ದೇಶಿಸಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಸರಣಿಯ ಸಂಗೀತ ವೈದ್ಯನಾಥನ್ ಅವರದು. ಆ ಮೂಲಕ ಈ ಮನೆತನದ ನಾದವು ಕನ್ನಡ ನೆಲದ ಚಿತ್ರಗಳೊಂದಿಗೂ ಬೆಸೆದುಕೊಂಡಿದೆ. ತಂದೆಯವರು ೧೯೯೦ರಲ್ಲಿ ತೀರಿಕೊಂಡ ಬಳಿಕ ಅವರ ನೆನಪಿಗಾಗಿ ಸುಬ್ರಮಣ್ಯಂ ಉತ್ಸವವನ್ನು ಆರಂಭಿಸಿದರು.

ಮೇಲ್ನೋಟಕ್ಕೆ ಈ ಉತ್ಸವ ಸಂಪೂರ್ಣ ಆಧುನಿಕ. ಕರ್ನಾಟಕ, ಹಿಂದೂಸ್ತಾನಿ, ಪಾಶ್ಚಾತ್ಯ ವಾದ್ಯವೃಂದ, ಜಾಸ್ ಮುಂತಾದವು ಇಲ್ಲಿ ಕೂಡುತ್ತವೆ. ಆದರೆ ಒಳರಚನೆಯನ್ನು ಗಮನಿಸಿದರೆ ಹಳೆಯ ಆರಾಧನೆಯ ಚೌಕಟ್ಟು ಕಾಣುತ್ತದೆ. ಇಲ್ಲಿಯೂ ಗತಿಸಿದ ಗುರುವಿನ ಸ್ಮರಣೆಯಿದೆ, ಅದನ್ನು ಮತ್ತೆ ಮತ್ತೆ ಆಚರಿಸುವ ಸಂಕಲ್ಪವಿದೆ, ಮಗ ಮೊಮ್ಮಕ್ಕಳು ಅದೇ ವೇದಿಕೆಯಲ್ಲಿ ಸೇವೆ ಸಲ್ಲಿಸುವ ಕ್ರಮವಿದೆ. ವಿದ್ಯೆಯು ಮನೆತನದ ಮೂಲಕ ಹರಿದುಬರುವ ಈ ಬಗೆ ಜನಪದ ಕಲಾವಿದರ ಕುಟುಂಬಗಳಲ್ಲಿ ಕಾಣುವಂಥದೇ. ಮದರಾಸಿನ ಸಾಂಸ್ಕೃತಿಕ ಬದುಕನ್ನು ಅಧ್ಯಯನ ಮಾಡಿದ ಮಿಲ್ಟನ್ ಸಿಂಗರ್, ಸಮುದಾಯವೊಂದು ತನ್ನನ್ನು ತಾನು ಕಂಡುಕೊಳ್ಳುವ ಹಾಗೂ ಪರರಿಗೆ ತೋರಿಸಿಕೊಳ್ಳುವ ಸಂದರ್ಭಗಳನ್ನು ‘ಸಾಂಸ್ಕೃತಿಕ ಪ್ರದರ್ಶನ’ ಎಂದು ಕರೆದರು. ಆ ಅರ್ಥದಲ್ಲಿ ನಗರವು ತಾನು ಜಗತ್ತಿನ ಭಾಗವೆಂದು ಹೇಳಿಕೊಳ್ಳುವ ಪ್ರದರ್ಶನವಿದು.

ತಂದೆಯವರ ಹಂಬಲವನ್ನು ಹಗುರವಾಗಿ ಕಾಣುವಂತಿಲ್ಲ. ಪಕ್ಕವಾದ್ಯಗಾರರ ಹೆಸರು ಆಹ್ವಾನ ಪತ್ರಿಕೆಯ ಎರಡನೆಯ ಸಾಲಿಗೆ ಇಳಿದು, ಸಂಭಾವನೆಯೂ ಅದಕ್ಕೆ ತಕ್ಕಂತೆ ಇಳಿಯುತ್ತಿದ್ದ ಪರಿಸ್ಥಿತಿಯಲ್ಲಿ ತನಿ ಕಛೇರಿಯ ಬೇಡಿಕೆಯು ಘನತೆಯ ಬೇಡಿಕೆಯೂ ಆಗಿತ್ತು. ದ್ವಾರಂ ವೆಂಕಟಸ್ವಾಮಿ ನಾಯುಡು ಅವರಿಂದ ಮೊದಲ್ಗೊಂಡು ಲಾಲ್ಗುಡಿ ಜಯರಾಮನ್, ಎಂ.ಎಸ್. ಗೋಪಾಲಕೃಷ್ಣನ್, ಟಿ.ಎನ್. ಕೃಷ್ಣನ್ ಅವರವರೆಗೆ ಅನೇಕರು ಈ ಘನತೆಯನ್ನು ಸಂಪಾದಿಸಿಕೊಟ್ಟರು. ತವಿಲನ್ನು ಜೊತೆಗೂಡಿಸಿಕೊಂಡ ಕುನ್ನಕುಡಿ ವೈದ್ಯನಾಥನ್ ಅವರು ಪಿಟೀಲನ್ನು ದೇವಾಲಯದ ಹೊರಾಂಗಣದ ನಾದಕ್ಕೆ ಹತ್ತಿರ ತಂದರು. ಹಿಂದೂಸ್ತಾನಿಯಲ್ಲಿ ಎನ್. ರಾಜಂ ಅವರು ಗಾಯಕೀ ಅಂಗವನ್ನು ತಂತಿಗೆ ಇಳಿಸಿದರು. ಉತ್ಸವವು ಈ ಸಾಧನೆಯ ಮುಂದುವರಿಕೆ.

೪. ಕೂಟದ ಮಿತಿಗಳು

ಪ್ರಶ್ನೆ ಹುಟ್ಟುವುದು ಭಿನ್ನ ಶೈಲಿಗಳ ವಾದಕರು ಕೊನೆಯಲ್ಲಿ ಒಟ್ಟಿಗೆ ನುಡಿಸುವ ಕೂಟವಾದನದ ಸಂದರ್ಭದಲ್ಲಿ. ಸಭಿಕರು ಹೆಚ್ಚು ಸಂತೋಷಪಡುವ ಭಾಗವೂ ಇದೇ. ಇಲ್ಲಿ ಎಲ್ಲರಿಗೂ ಸಮಾನವಾಗಿ ಎಟಕುವ ಅಂಶಗಳು ಕೆಲವೇ: ಚಿಕ್ಕ ಸ್ವರಗುಚ್ಛ, ಆವರ್ತಿಸುವ ಲಯ, ಏರುವ ವೇಗ, ಪ್ರಶ್ನೋತ್ತರದ ಕ್ರಮ. ಸಮಾನವಾಗಿ ಎಟಕದವು ಅನೇಕ. ಕರ್ನಾಟಕ ಪದ್ಧತಿಯ ನಿಧಾನಗತಿಯ ಗಮಕ, ಹಿಂದೂಸ್ತಾನಿಯ ವಿಲಂಬಿತ ವಿಸ್ತಾರ, ಪಾಶ್ಚಾತ್ಯ ಸಂಗೀತದ ಸ್ವರಮೇಳದ ಚಲನೆ, ಜಾಸ್ ವಾದಕನು ಆ ಸ್ವರಮೇಳಗಳ ಮೇಲೆ ಕಟ್ಟುವ ಮನೋಧರ್ಮ – ಇವುಗಳಲ್ಲಿ ಒಂದು ಮುಂದೆ ಬಂದರೆ ಇನ್ನೊಂದು ಹಿಂದೆ ಸರಿಯಬೇಕಾಗುತ್ತದೆ. ಆದ್ದರಿಂದ ಒಂದೇ ವೇದಿಕೆಯಲ್ಲಿರುವುದನ್ನೇ ಸಂವಾದವೆಂದು ತಿಳಿಯುವುದು ಸರಿಯಲ್ಲ. ಸಂವಾದಕ್ಕೆ ಒಬ್ಬರು ಮಾತನಾಡುವಾಗ ಇನ್ನೊಬ್ಬರು ಕೇಳುವ ಅವಕಾಶ ಬೇಕು. ವೇಗದ ಸ್ಪರ್ಧೆಯಲ್ಲಿ ಮೊದಲು ಕಳೆದುಹೋಗುವುದು ಆ ಅವಕಾಶವೇ.

ಇದಕ್ಕೆ ಅಪವಾದಗಳಿಲ್ಲದಿಲ್ಲ. ಸುಬ್ರಮಣ್ಯಂ ಅವರ ‘ಫ್ಯಾಂಟಸಿ ಆನ್ ವೇದಿಕ್ ಚಾಂಟ್ಸ್’ ಕೃತಿಯನ್ನು ೧೯೮೫ರಲ್ಲಿ ಜುಬಿನ್ ಮೆಹ್ತಾ ನಿರ್ದೇಶನದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ಪ್ರಸ್ತುತಪಡಿಸಿತು. ಇಂತಹ ರಚನೆಗಳಲ್ಲಿ ವಾದ್ಯವೃಂದವು ಬರೆದಿಟ್ಟ ಸ್ವರಲಿಪಿಯನ್ನು ಅನುಸರಿಸಿದರೆ, ರಾಗಸಂಗೀತದ ವಾದಕನು ನೆನಪಿನಿಂದಲೂ ಮನೋಧರ್ಮದಿಂದಲೂ ನುಡಿಸಬಲ್ಲನು. ಲಿಖಿತ ಮತ್ತು ಮೌಖಿಕ ಎಂಬ ಎರಡು ಸ್ಮೃತಿಗಳು ತಮ್ಮ ವ್ಯತ್ಯಾಸವನ್ನು ಬಚ್ಚಿಡದೆ ಎದುರುಬದುರಾಗಿ ಕುಳಿತುಕೊಳ್ಳುವುದರಿಂದ ಕೂಟವಾದನಕ್ಕಿಂತ ಇದು ಹೆಚ್ಚು ಫಲಪ್ರದವಾದ ಮಾದರಿ.

ಎರಡನೆಯ ಮಿತಿಯು ಕಾಲಕ್ಕೆ ಸಂಬಂಧಿಸಿದುದು. ಕಮಾನಿನಿಂದ ನುಡಿಸುವ ತಂತಿವಾದ್ಯಗಳ ಕುಟುಂಬ ಬಹು ದೊಡ್ಡದು. ರಾಜಸ್ಥಾನದ ಭೋಪರು ತೆಂಗಿನ ಚಿಪ್ಪಿನ ರಾವಣಹತ್ಥಾ ನುಡಿಸುತ್ತ ಪಾಬೂಜಿಯ ಚಿತ್ರಪಟದೆದುರು ಇರುಳಿಡೀ ಕಥೆ ಹಾಡುತ್ತಾರೆ. ಕೇರಳದ ಪುಳ್ಳುವರ ವೀಣೆ ನಾಗಾರಾಧನೆಯ ಅಂಗ. ಮಣಿಪುರದ ಪೇನಾ, ಮಾಂಗಣಿಯಾರರ ಕಮಾಯಚಾ, ಅನುರಣನದ ತಂತಿಗಳುಳ್ಳ ನಾರ್ವೆಯ ಹಾರ್ಡಂಗರ್ ಪಿಟೀಲು ಇವೆಲ್ಲವೂ ತಮ್ಮ ತಮ್ಮ ಜನರ ಕಥೆ, ಕುಣಿತ, ಹರಕೆಗಳೊಂದಿಗೆ ಹೆಣೆದುಕೊಂಡಿವೆ. ಏಕತಾರಿ, ಚೌಡಿಕೆ, ಕಿನ್ನರಿಗಳಂತಹ ಮೀಟುವಾದ್ಯಗಳೇ ಎದ್ದುಕಾಣುವ ಕನ್ನಡ ಜನಪದದಲ್ಲಿಯೂ ಹರಿಕಥೆಯ ಹಿಮ್ಮೇಳದ ಮೂಲಕ ಪಿಟೀಲು ಹಳ್ಳಿಯ ಜಗಲಿಯನ್ನು ಮುಟ್ಟಿದೆ. ಇರುಳಿನ ಉದ್ದವುಳ್ಳ ಕಲೆಯನ್ನು ಸಂಜೆಯ ಹತ್ತು ನಿಮಿಷಕ್ಕೆ ಇಳಿಸಿದಾಗ ಉಳಿಯುವುದು ಬಣ್ಣ ಮಾತ್ರ. ಕಥೆ ಹೊರಗೆ ಉಳಿಯುತ್ತದೆ. ‘ಜಾಗತಿಕ’ ಎಂಬ ಹೆಸರನ್ನು ಹೊತ್ತ ಯಾವ ಉತ್ಸವವೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.

೫. ಉಳಿಸಬೇಕಾದುದು ಯಾವುದು?

ಇಟಲಿಯ ಕ್ರೆಮೊನಾ ನಗರದ ಉದಾಹರಣೆ ಇಲ್ಲಿ ಉಪಯುಕ್ತ. ಅಮಾತಿ, ಸ್ಟ್ರಾಡಿವರಿ, ಗ್ವಾರ್ನೇರಿ ಮನೆತನಗಳ ಆ ಊರಿನ ಪಿಟೀಲು ತಯಾರಿಕೆಯ ವಿದ್ಯೆಯನ್ನು ಯುನೆಸ್ಕೊ ೨೦೧೨ರಲ್ಲಿ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಎಪ್ಪತ್ತಕ್ಕೂ ಹೆಚ್ಚು ಮರದ ತುಂಡುಗಳನ್ನು ಕೈಯಿಂದಲೇ ಜೋಡಿಸುವ ಕುಶಲತೆಗೆ ಸಂದ ಮನ್ನಣೆಯದು. ಗೌರವ ದೊರೆತುದು ಪ್ರಸಿದ್ಧ ವಾದ್ಯಗಳಿಗಲ್ಲ, ಬಡಗಿಯ ಕೈಯಲ್ಲಿರುವ ಜ್ಞಾನಕ್ಕೆ. ದಕ್ಷಿಣ ಭಾರತದ ನಗರಗಳಿಗೆ ಇಂತಹ ತಯಾರಿಕೆಯ ಇತಿಹಾಸವಿಲ್ಲ. ಆದರೆ ಇನ್ನೊಂದು ಸಮಾನವಾದ ಅಮೂರ್ತ ಸಂಪತ್ತಿದೆ: ಪರದೇಶದ ಪೆಟ್ಟಿಗೆಯೊಂದನ್ನು ಮನುಷ್ಯಕಂಠದ ಒಡನಾಡಿಯಾಗಿಸಿದ ಪಕ್ಕವಾದ್ಯದ ವಿದ್ಯೆ. ಪಿಟೀಲು ಮುಂದೆ ನಿಂತಾಗ ಮಾತ್ರ ಗೌರವಾರ್ಹ ಎಂಬ ಭಾವನೆ ಬಲವಾದರೆ, ಎಳೆಯ ವಾದಕರು ಮೊದಲು ಕಳೆದುಕೊಳ್ಳುವುದು ಈ ವಿದ್ಯೆಯನ್ನೇ.

ಅದನ್ನು ಗೌರವಿಸಲು ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಎಂ.ಎಲ್. ವಸಂತಕುಮಾರಿಯವರಿಗೆ ಬಹುಕಾಲ ಪಕ್ಕವಾದ್ಯ ನುಡಿಸಿದ ಎ. ಕನ್ಯಾಕುಮಾರಿಯವರು ೨೦೧೬ರಲ್ಲಿ ಸಂಗೀತ ಕಲಾನಿಧಿಯಾದರು. ಪಿಟೀಲಿನ ಉತ್ಸವಗಳು ಒಂದು ಸಂಜೆಯನ್ನಾದರೂ ಪಕ್ಕವಾದ್ಯಕ್ಕೆ ಮೀಸಲಿಡಬಹುದು. ಒಂದೇ ಗಾಯನಕ್ಕೆ ಬೇರೆ ಬೇರೆ ಪರಂಪರೆಯ ವಾದಕರು ಹೇಗೆ ಜೊತೆಗೂಡುತ್ತಾರೆ ಎಂಬುದನ್ನು ಸಭಿಕರ ಮುಂದಿಡಬಹುದು. ಕುದುರೆ, ಬಿರಡೆ, ಕಮಾನುಗಳನ್ನು ಸರಿಪಡಿಸುವ ಕುಶಲಿಗಳ ಹೆಸರನ್ನು ಹೇಳಬಹುದು. ಕಮಾನು ಹಿಡಿದ ಜನಪದ ಕಥನಕಾರರಿಗೆ ನಿಮಿಷಗಳ ಬದಲು ಒಂದು ಇರುಳನ್ನು ಕೊಡಬಹುದು. ಇವು ಉತ್ಸವದ ಮೂಲ ಆಶಯಕ್ಕೆ ವಿರುದ್ಧವಾದವುಗಳಲ್ಲ, ಪೂರಕವಾದವು.

ದೇವಾಲಯಗಳಲ್ಲಿ ಮೂಲಮೂರ್ತಿ, ಉತ್ಸವಮೂರ್ತಿ ಎಂಬ ಎರಡು ಬಗೆಗಳಿವೆ. ಉತ್ಸವಮೂರ್ತಿಯು ಬೀದಿಗೆ ಬಂದು ಎಲ್ಲರಿಗೂ ದರ್ಶನ ಕೊಡುತ್ತದೆ. ಗರ್ಭಗುಡಿಗೆ ಬರಲಾಗದವರಿಗೂ ಅದು ಸಿಗುತ್ತದೆ. ಮೆರವಣಿಗೆ ಮುಗಿದ ಬಳಿಕ ಅದು ಮೂಲಮೂರ್ತಿಯಿರುವಲ್ಲಿಗೇ ಹಿಂದಿರುಗುತ್ತದೆ. ಜಗತ್ತಿನ ವೇದಿಕೆಯಲ್ಲಿ ಮೆರೆಯುವ ಪಿಟೀಲು ಉತ್ಸವಮೂರ್ತಿಯಾದರೆ, ಸಂಜೆಯ ಕಛೇರಿಯಲ್ಲಿ ಗಾಯಕರ ಎಡಬದಿಗೆ ಕುಳಿತು ಕೇಳುತ್ತಿರುವ ಪಿಟೀಲು ಮೂಲಮೂರ್ತಿ. ಒಂದಕ್ಕೆ ಸಲ್ಲುವ ಆರತಿ ಇನ್ನೊಂದಕ್ಕೂ ಸಲ್ಲಬೇಕಾದುದು ಪರಂಪರೆಯ ನಿಯಮ.