ಹಾಡಿಗೆ ಹಚ್ಚಿದ ಚಿತ್ರ: ಒಂದು ವಿವೇಚನೆ

ಹಾಡನ್ನು ಆಸ್ವಾದಿಸುವುದು ಕಿವಿಯ ಕೆಲಸವೆಂದು ನಾವು ಬಹುಕಾಲ ನಂಬಿಕೊಂಡು ಬಂದವರು. ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳಿಗೆ, ಕನ್ನಡ ಹಾಡುಗಳ ಆಲ್ಬಮ್ಮುಗಳ ಮುಖಚಿತ್ರಗಳನ್ನೂ ಹಾಡಿನ ವಿಡಿಯೋಗಳನ್ನೂ ನೋಡಿ, ಪರಿಶೀಲಿಸಿ, ಬರೆದು ತರುವ ಯೋಜನಾಕಾರ್ಯವೊಂದನ್ನು ಕೊಟ್ಟಾಗ ಈ ನಂಬಿಕೆ ಸಡಿಲವಾಯಿತು. ಪಾಠದ ಹೊತ್ತಿನಲ್ಲಿ ಇದೇನು ಸಿನಿಮಾದ ಗೀಳು ಎಂದು ಸಹೋದ್ಯೋಗಿಗಳಲ್ಲಿ ಒಬ್ಬಿಬ್ಬರು ನಕ್ಕುದೂ ಉಂಟು. ಆದರೆ ಮಕ್ಕಳು ಬರೆದು ತಂದುದನ್ನು ಓದಿದ ಮೇಲೆ, ಇದು ಸಾಹಿತ್ಯ ವಿಮರ್ಶೆಯ ಅಂಗಳಕ್ಕೆ ಸೇರತಕ್ಕ ವಿಷಯವೆಂದೇ ನಮಗೆ ತೋರಿತು. ಆ ವಿಚಾರವನ್ನು ಉಪಾಧ್ಯಾಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಸ್ಥಿತಿಯನ್ನು ಓದುಗರು ಬಲ್ಲರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ಲು, ಜಹೀರಾಬಾದ್ ತಾಲ್ಲೂಕಿನ ಬಹುಭಾಗ, ನಾರಾಯಣಖೇಡ ತಾಲ್ಲೂಕು, ಇತ್ತ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದುವು; 2014ರಿಂದ ತೆಲಂಗಾಣದಲ್ಲಿವೆ. ನಮ್ಮ ಮಗು ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತೆಲುಗನ್ನೂ ಸಂತೆಯಲ್ಲಿ ದಖನಿಯನ್ನೂ ಆಡಿ ಬೆಳೆಯುತ್ತದೆ. ಬೀದರ ಪೇಟೆಯಾಚೆಗಿನ ಕನ್ನಡನಾಡನ್ನು ಅದು ಕಾಣುವುದು ಎರಡೇ ಕಡೆ: ಪಠ್ಯಪುಸ್ತಕದಲ್ಲಿ ಮತ್ತು ಮೊಬೈಲಿನಲ್ಲಿ. ಪಠ್ಯಪುಸ್ತಕ ಶಾಲೆಯ ಗಂಟೆಯೊಡನೆ ಮುಚ್ಚುತ್ತದೆ, ಮೊಬೈಲು ಮುಚ್ಚುವುದಿಲ್ಲ. ಆದುದರಿಂದ ಹಾಡಿನ ಜತೆಗೆ ಬರುವ ಚಿತ್ರ ಇಲ್ಲಿ ಬರಿಯ ಅಲಂಕಾರವಲ್ಲ, ಅದೂ ಒಬ್ಬ ಉಪಾಧ್ಯಾಯ. ಅವನು ಏನನ್ನು ಕಲಿಸುತ್ತಿದ್ದಾನೆಂಬುದನ್ನು ವಿಚಾರಿಸುವುದು ನಮ್ಮ ಕರ್ತವ್ಯ.

ಮೊದಲು ಈ ಚಿತ್ರದ ಪೂರ್ವೋತ್ತರವನ್ನು ಸ್ವಲ್ಪ ತಿಳಿಯಬೇಕು. ಗ್ರಾಮಾಫೋನಿನ ಮೊದಲ ದಿನಗಳಲ್ಲಿ ತಟ್ಟೆಗಳು ಸಾದಾ ಕಾಗದದ ಚೀಲದಲ್ಲಿ ಬರುತ್ತಿದ್ದುವು. ಹಲವು ತಟ್ಟೆಗಳ ಚೀಲಗಳನ್ನು ಪುಸ್ತಕದಂತೆ ಒಟ್ಟಿಗೆ ಹೊಲಿದು, ಭಾವಚಿತ್ರಗಳ ಪುಸ್ತಕಕ್ಕಿದ್ದ ಆಲ್ಬಮ್ ಎಂಬ ಹೆಸರನ್ನೇ ಅದಕ್ಕೂ ಇಟ್ಟರು. ಅದರ ಬೋಳು ರಟ್ಟಿನ ಮೇಲೆ ಬಣ್ಣದ ಚಿತ್ರ ಬರೆಯುವ ಪದ್ಧತಿಯನ್ನು 1940ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯಲ್ಲಿ ರೂಢಿಗೆ ತಂದವನು ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಕಲಾವಿದ. 1948ರಲ್ಲಿ ಬಹುಹೊತ್ತು ಹಾಡುವ ದೊಡ್ಡ ತಟ್ಟೆ ಬಂದಾಗ ಚಿತ್ರಕ್ಕೆ ಹನ್ನೆರಡು ಅಂಗುಲದ ಚೌಕ ದೊರೆಯಿತು. 1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ಟನ್ನು ತಂದಾಗ ಆ ಚೌಕ ಅಂಗೈಯಗಲಕ್ಕೆ ಕುಗ್ಗಿತು. ಕನ್ನಡದಲ್ಲಿ 1978ರಲ್ಲಿ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಹೊರಬಂದು ಭಾವಗೀತೆ ಮನೆಮನೆಯನ್ನು ಹೊಕ್ಕಿತು. 1981ರಲ್ಲಿ ಅಮೆರಿಕದಲ್ಲಿ ಹಾಡಿನ ವಿಡಿಯೋಗಳಿಗೆಂದೇ ಎಂಟಿವಿ ಎಂಬ ವಾಹಿನಿ ಆರಂಭವಾಯಿತು; 2005ರಲ್ಲಿ ಯೂಟ್ಯೂಬು ಬಂದಿತು. ಈಗ ಮುಖಚಿತ್ರವೆಂಬುದು ಮೊಬೈಲಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟಾಗಿದೆ. ಚಿತ್ರ ಕಿರಿದಾದಷ್ಟೂ ಅದರಲ್ಲಿ ಹೊಲ, ಮನೆ, ಜನಗಳಿಗೆ ಸ್ಥಳ ಸಾಲದು. ಒಂದು ಮುಖ ಮಾತ್ರ ಉಳಿಯುತ್ತದೆ. ದೊಡ್ಡ ತಟ್ಟೆಯ ಹೊದಿಕೆಯಿಂದ ಮೊಬೈಲಿನವರೆಗೆ ಮುಖಚಿತ್ರಗಳನ್ನು ಸಾಲಾಗಿ ಜೋಡಿಸಿ ನೋಡಿದ ನಮ್ಮ ಮಕ್ಕಳು ಇದನ್ನು ತಾವಾಗಿಯೇ ಕಂಡುಕೊಂಡರು.

ಇಷ್ಟು ಇತಿಹಾಸವಾಯಿತು. ಇನ್ನು ಇಂಥ ಚಿತ್ರವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಪ್ರಶ್ನೆ. ನಮ್ಮ ಅಲಂಕಾರಶಾಸ್ತ್ರ ರಸ, ಧ್ವನಿ, ಔಚಿತ್ಯಗಳನ್ನು ಹೇಳಿಕೊಟ್ಟಿದೆ. ಕ್ಯಾಮೆರಾದ ಮಾತನ್ನು ಅದು ಹೇಳಿಲ್ಲ. ಪಶ್ಚಿಮದ ಮಾಧ್ಯಮಶಾಸ್ತ್ರದ ಗ್ರಂಥಗಳು ಹೇಳುತ್ತವಾದರೂ ಆ ಪರಿಭಾಷೆ ನಮ್ಮ ಮಕ್ಕಳ ನಾಲಗೆಗೆ ಹೊರಳದು. ಆದರೆ ಸಂತೋಷದ ಸಂಗತಿಯೇನೆಂದರೆ, ಬೇಕಾದ ಅಳತೆಗೋಲು ನಮ್ಮ ನೆರೆಯಲ್ಲೇ, ಜಹೀರಾಬಾದಿನ ಪಸ್ತಾಪುರದಲ್ಲೇ ಸಿದ್ಧವಾಗಿದೆ. 1983ರಲ್ಲಿ ಸ್ಥಾಪನೆಯಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹಳ್ಳಿಯ ಸಂಘಗಳಲ್ಲಿ ಕೂಡಿದ ದಲಿತ ಮಹಿಳೆಯರು, ಹೊಲದಲ್ಲಿ ಕೂಲಿ ಮಾಡಿದವರು, ಅಕ್ಷರ ಬಾರದವರೇ ಹೆಚ್ಚಾಗಿದ್ದವರು, ಕ್ಯಾಮೆರಾ ಹಿಡಿದು ತಮ್ಮ ಬಿತ್ತನೆ ಬೀಜಗಳ, ತಮ್ಮ ಹಬ್ಬಗಳ ಚಿತ್ರಗಳನ್ನು ತೆಗೆದರು. ಆ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾಗಿ ಬಹುಕಾಲ ಅದನ್ನು ನಡೆಸಿ 2023ರಲ್ಲಿ ತೀರಿಕೊಂಡ ಪಿ. ವಿ. ಸತೀಶ್ ಅವರು ಮೈಸೂರಿನ ಕನ್ನಡಿಗರೆಂಬುದನ್ನೂ ಇಲ್ಲಿ ನೆನೆಯಬಹುದು. ಆ ಮಹಿಳೆಯರು ಕ್ಯಾಮೆರಾದ ಕೋನಗಳಿಗೆ ತಮ್ಮ ಬದುಕಿನಿಂದಲೇ ಹೆಸರಿಟ್ಟರು. ಮೇಲಿನಿಂದ ಕೆಳಕ್ಕೆ ನೋಡಿದರೆ ಅದು ಪಟೇಲನ ಶಾಟ್, ಪಟೇಲನು ಕಟ್ಟೆಯ ಮೇಲೆ ಕುಳಿತು ಆಳನ್ನು ನೋಡುವ ನೋಟ. ಕೆಳಗಿನಿಂದ ಮೇಲಕ್ಕೆ ನೋಡಿದರೆ ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮನಾಗಿ ನೋಡಿದರೆ ಸಂಘದ ಶಾಟ್, ಸಂಘದಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಸುತ್ತ ಕುಳಿತು ಮಾತಾಡುವ ನೋಟ.

ಈ ಮೂರು ಮಾತುಗಳನ್ನು ಕೇಳಿದಾಗ ನಮ್ಮ ತರಗತಿಯಲ್ಲಿ ವಿವರಣೆಯೇ ಬೇಕಾಗಲಿಲ್ಲ. ಕೋನವೆಂಬುದು ಕ್ಯಾಮೆರಾದ ಯಂತ್ರವಿಶೇಷವಲ್ಲ, ನೋಡುವವನಿಗೂ ನೋಡಿಸಿಕೊಳ್ಳುವವನಿಗೂ ಇರುವ ಸಂಬಂಧ ಎಂಬುದು ಮಕ್ಕಳಿಗೆ ಹೊಳೆಯಿತು. ನಮ್ಮ ಅಭಿಪ್ರಾಯದಲ್ಲಿ ಇದು ಈ ಸೀಮೆಯಲ್ಲಿ ಹುಟ್ಟಿದ ವಿಮರ್ಶಾ ಪರಿಭಾಷೆ. ಯಾವ ವಿಶ್ವವಿದ್ಯಾಲಯದ ಪರಿಭಾಷೆಗೂ ಇದು ಕಡಮೆಯಲ್ಲ.

ಈ ಅಳತೆಗೋಲನ್ನು ಹಿಡಿದು ನೋಡೋಣ. ಗ್ರಾಮಾಫೋನ್ ಕಂಪೆನಿಯ ನಾಯಿಯ ಚಿತ್ರವನ್ನು ಕಾಣದ ಹಿರಿಯರಿಲ್ಲ. ಫ್ರಾನ್ಸಿಸ್ ಬ್ಯಾರಾಡ್ ಎಂಬ ಇಂಗ್ಲೆಂಡಿನ ಚಿತ್ರಕಾರ ಅದನ್ನು ಬರೆದ. 1899ರಲ್ಲಿ ಕಂಪೆನಿ ಅದನ್ನು ಕೊಂಡಿತು. ನಾಯಿಯ ಮುಂದೆ ಮೊದಲಿದ್ದುದು ಬೇರೆ ಬಗೆಯ ಯಂತ್ರ. ಕಂಪೆನಿಯ ಇಚ್ಛೆಯಂತೆ ಚಿತ್ರಕಾರ ಅದರ ಮೇಲೆ ಗ್ರಾಮಾಫೋನನ್ನು ಬರೆದುಕೊಟ್ಟ. ಯಜಮಾನನ ಧ್ವನಿಗೆ ಕಿವಿಗೊಟ್ಟು ಕುಳಿತ ಆ ನಾಯಿ ಕೇಳುಗನ ಪ್ರತಿನಿಧಿಯಾಗಿ ಲೋಕವನ್ನೆಲ್ಲ ಸುತ್ತಿತು. ನಮ್ಮ ವಿದ್ಯಾರ್ಥಿನಿಯೊಬ್ಬಳು ಅದರ ಕೆಳಗೆ ‘ಜೀತದಾಳಿನ ಶಾಟ್’ ಎಂದು ಬರೆದಿದ್ದಳು. ಕ್ಯಾಮೆರಾದ ಲೆಕ್ಕದಲ್ಲಿ ಅವಳ ಉತ್ತರ ತಪ್ಪು, ಆ ಚಿತ್ರ ಪಕ್ಕದಿಂದ ಕಂಡುದು. ಸಂಬಂಧದ ಲೆಕ್ಕದಲ್ಲಿ ಅವಳು ಹೇಳಿದ್ದೇ ಸರಿ. ನಾವು ಪೂರ್ಣಾಂಕ ಕೊಟ್ಟೆವು.

ಇದಕ್ಕೆ ಎದುರಾಗಿ, 1967ರಲ್ಲಿ ಬೀಟಲ್ಸ್ ವೃಂದದವರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿಗೆ ಪೀಟರ್ ಬ್ಲೇಕ್ ಮತ್ತು ಜ್ಯಾನ್ ಹಾವರ್ತ್ ರಚಿಸಿದ ಮುಖಚಿತ್ರವನ್ನು ನೋಡಬಹುದು. ನಾಲ್ವರು ಗಾಯಕರು ಕವಿಗಳ, ನಟರ, ಯೋಗಿಗಳ ದೊಡ್ಡದೊಂದು ಗುಂಪಿನ ನಡುವೆ, ಸರಿಸಾಟಿಯಾಗಿ ನಿಂತಿದ್ದಾರೆ. ಮೇಲ್ನೋಟಕ್ಕೆ ಇದು ಸಂಘದ ಶಾಟ್. ಆದರೆ ಆ ಗುಂಪಿನಲ್ಲಿ ಮೊದಲು ಮಹಾತ್ಮ ಗಾಂಧಿಯವರ ಚಿತ್ರವೂ ಇತ್ತು. ಭಾರತದಲ್ಲಿ ಜನ ನೊಂದಾರು, ಮಾರಾಟ ಕೆಟ್ಟೀತೆಂಬ ಅಂಜಿಕೆಯಿಂದ ಇಎಂಐ ಕಂಪೆನಿಯವರು ಅದನ್ನು ತೆಗೆಯಿಸಿದರು. ಇದರಿಂದ ಒಂದು ಪಾಠ ದೊರೆಯುತ್ತದೆ. ಚಿತ್ರದಲ್ಲಿ ಯಾರಿದ್ದಾರೆಂದು ನೋಡಿದರೆ ಸಾಲದು, ಯಾರಿಲ್ಲ, ಏಕಿಲ್ಲ ಎಂದೂ ಕೇಳಬೇಕು.

ಈ ಪ್ರಶ್ನೆಯನ್ನು ಕನ್ನಡದ ಹಾಡುಗಳಿಗೆ ಹಾಕಿದಾಗ ನಮ್ಮ ಮನಸ್ಸು ಕೊಂಚ ಕಲಕಿತು. ‘ನಿತ್ಯೋತ್ಸವ’ ಜೋಗವನ್ನೂ ತುಂಗೆಯನ್ನೂ ಸಹ್ಯಾದ್ರಿಯನ್ನೂ ನೆನೆಯುವ ಕವಿತೆ. ಕವಿಗೆ ತಾನು ಕಂಡು ಪ್ರೀತಿಸಿದ್ದನ್ನು ಹಾಡುವ ಹಕ್ಕುಂಟು. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ ಚಲನಚಿತ್ರವೂ ಜೋಗವನ್ನು, ಮಲೆನಾಡಿನ ಮಳೆಯನ್ನು ಬಹು ಚೆಲುವಾಗಿ ತೋರಿಸಿತು. ಆ ಬಳಿಕ ಆಕಾಶದಲ್ಲಿ ಹಾರುವ ಡ್ರೋನ್ ಕ್ಯಾಮೆರಾ ಅಗ್ಗವಾಗಿ, ಕನ್ನಡನಾಡೆಂದರೆ ಮೇಲಿನಿಂದ ಕಂಡ ಹಸುರು ಕಾಡು, ಬಿಳಿಯ ಜಲಪಾತ, ಹಂಪೆಯ ಕಲ್ಲಿನ ರಥ ಎಂಬ ಪದ್ಧತಿ ಬೇರೂರಿದಂತಿದೆ. ಇದು ನಾಡನ್ನೇ ಪಟೇಲನ ಕಟ್ಟೆಯಿಂದ ನೋಡುವ ನೋಟ. ನೆಲ ಕಾಣುತ್ತದೆ, ನೆಲದ ಮೇಲಿನವರು ಇರುವೆಗಳಾಗುತ್ತಾರೆ. ಒಂಬತ್ತನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ವು ಕನ್ನಡದ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳಿತು. ಆ ಗ್ರಂಥವನ್ನು ಬರೆಯಿಸಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡವು ತಾಂಡೂರಿನ ನೆರೆಯ ಸೇಡಂ ತಾಲ್ಲೂಕಿನಲ್ಲಿದೆ. ನಮ್ಮ ಮಂಜೀರಾ ನದಿ ಗೋದಾವರಿಗೇ ಕೂಡುತ್ತದೆ. ಆ ಹಳೆಯ ನಕ್ಷೆಯಲ್ಲಿ ಒಳಗಿದ್ದವರು ಈ ಹೊಸ ನಕ್ಷೆಯಲ್ಲಿ ಹೊರಗುಳಿದಿದ್ದೇವೆ. ಯೋಜನಾಕಾರ್ಯಕ್ಕೆಂದು ಮಕ್ಕಳು ನೋಡಿದ ವಿಡಿಯೋಗಳಲ್ಲಿ ಕಪ್ಪು ಎರೆಯ ಹೊಲವನ್ನಾಗಲಿ ತೊಗರಿಯ ಸಾಲನ್ನಾಗಲಿ ಕಂಡವರು ತೀರ ಕೆಲವರು.

ಹಾಗೆ ಕಂಡುದು ಬಹುಮಟ್ಟಿಗೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ತರುಣರು ಜಾನಪದವೆಂಬ ಹೆಸರಿನಲ್ಲಿ ಹಾಡಿ ಹಂಚುತ್ತಿರುವ ವಿಡಿಯೋಗಳಲ್ಲಿ. ಪಂಡಿತರು ಇವನ್ನು ಕೀಳೆಂದು ತಳ್ಳುವುದುಂಟು. ನಾವು ಹಾಗೆ ತಳ್ಳಲಾರೆವು. ಅವುಗಳಲ್ಲಿ ಟ್ರ್ಯಾಕ್ಟರು, ಕಬ್ಬಿನ ಗದ್ದೆ, ಊರ ಅಗಸಿ ಇವೆ. ನಮ್ಮ ಮನೆಯ ಮಾತಿಗೆ ಹತ್ತಿರದ ಮಾತಿದೆ. ಕ್ಯಾಮೆರಾ ನೆಲದ ಮೇಲೆ, ಆಳಿನ ಎದೆಯೆತ್ತರಕ್ಕೆ ನಿಂತಿದೆ. ಆದರೆ ಮೆಚ್ಚಿಗೆಯನ್ನು ಅಲ್ಲಿಗೇ ನಿಲ್ಲಿಸುವುದು ವಿಮರ್ಶೆಯಾಗದು. ಹುಡುಗನನ್ನು ಸಂಘದ ಶಾಟಿನಲ್ಲಿ ತೋರಿಸಿದ ಅದೇ ಕ್ಯಾಮೆರಾ ಹುಡುಗಿಯ ಕಡೆ ತಿರುಗಿದೊಡನೆ ಎಷ್ಟೋ ಸಲ ಪಟೇಲನಾಗಿಬಿಡುತ್ತದೆ. ಅವಳು ನಗುತ್ತಾಳೆ, ಓಡುತ್ತಾಳೆ, ಸಿಟ್ಟಾಗುತ್ತಾಳೆ. ತನ್ನ ಮಾತನ್ನು ಮಾತ್ರ ಆಡುವುದಿಲ್ಲ. ಇದನ್ನು ನಮಗೆ ತೋರಿಸಿಕೊಟ್ಟವರು ತರಗತಿಯ ಹೆಣ್ಣುಮಕ್ಕಳೇ. ಗಂಡುಮಕ್ಕಳು ಮೊದಲು ವಾದಿಸಿ, ಆಮೇಲೆ ಸುಮ್ಮನಾದರು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಕೆಳಗಿನಿಂದ ನೋಡುವುದೆಲ್ಲ ದಾಸ್ಯವೆ? ಶ್ರವಣಬೆಳಗೊಳದ ಗೊಮ್ಮಟನನ್ನು ತಲೆಯೆತ್ತಿಯೇ ನೋಡಬೇಕಲ್ಲವೆ? ಆಕ್ಷೇಪಣೆ ಯುಕ್ತವಾದುದು. ಗೊಮ್ಮಟನು ನಮ್ಮಿಂದ ಏನನ್ನೂ ಬೇಡುವುದಿಲ್ಲ, ಏನನ್ನೂ ಮಾರುವುದಿಲ್ಲ. ಅಲ್ಲಿ ತಲೆಯೆತ್ತುವುದು ಭಕ್ತಿ ಅಥವಾ ವಿಸ್ಮಯ. ನಾಯಕನ ಬೂಟಿನ ಬಳಿ ಕ್ಯಾಮೆರಾ ಇಟ್ಟು ಅವನನ್ನು ಬೆಟ್ಟವಾಗಿಸುವ ವಿಡಿಯೋ ನಮ್ಮನ್ನು ಆ ಬೂಟಿನ ಬಳಿ ಕೂರಿಸುತ್ತದೆ. ಆದುದರಿಂದ ಕೋನವೊಂದರಿಂದಲೇ ತೀರ್ಪು ಕೊಡಲಾಗದು. ಹಾಡಿನ ಅರ್ಥದೊಡನೆ ಕೋನವನ್ನು ಕೂಡಿಸಿ ಓದಬೇಕು. ಔಚಿತ್ಯವೆಂದು ನಮ್ಮ ಪ್ರಾಚೀನರು ಕರೆದುದು ಇದನ್ನೇ.

ಔಚಿತ್ಯದ ಮಾತಿಗೆ ಒಂದು ಉದಾಹರಣೆಯನ್ನು ಕೊಟ್ಟು ಮುಗಿಸುತ್ತೇವೆ. ಶಿಶುನಾಳ ಶರೀಫರ (1819–1889) ತತ್ವಪದಗಳಲ್ಲಿ ಮನೆಯ ಮಾಳಿಗೆ ಸೋರುವುದನ್ನು ಕುರಿತ ಪದ ಎಲ್ಲರಿಗೂ ಪರಿಚಿತ. ಸಿ. ಅಶ್ವತ್ಥರು ಶರೀಫರ ಪದಗಳನ್ನು ನಾಡಿಗೆಲ್ಲ ಮುಟ್ಟಿಸಿದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರ ಬಂದಿತು. 2008ರಲ್ಲಿ ರಘು ದೀಕ್ಷಿತರು ತಮ್ಮ ಮೊದಲ ಆಲ್ಬಮ್ಮಿನಲ್ಲಿ ಇದೇ ಪದವನ್ನು ಗಿಟಾರಿನೊಡನೆ ಹಾಡಿ ಹೊಸ ತಲೆಮಾರಿಗೆ ತಲಪಿಸಿದರು. ನಾವು ತರಗತಿಯಲ್ಲಿ ಯಾವ ಚಿತ್ರವನ್ನೂ ತೋರಿಸದೆ ಪದವನ್ನು ಮಾತ್ರ ಕೇಳಿಸಿ, ಇದಕ್ಕೊಂದು ಮುಖಚಿತ್ರ ಬರೆಯಿರಿ ಎಂದೆವು. ಹೆಚ್ಚಿನ ಮಕ್ಕಳು ಬರೆದುದು ಮಂಗಳೂರು ಹೆಂಚಿನ ಇಳಿಜಾರು ಮನೆ, ಹಿಂದೆ ತೆಂಗಿನಮರ, ಬೆಟ್ಟ. ಅವರಲ್ಲಿ ಯಾರೂ ಅಂಥ ಮನೆಯಲ್ಲಿ ಮಲಗಿದವರಲ್ಲ. ವಿಡಿಯೋಗಳಲ್ಲಿ ಕಂಡ ‘ಕನ್ನಡದ ಮನೆ’ಯನ್ನು ಅವರು ಬರೆದಿದ್ದರು.

ಒಬ್ಬ ಹುಡುಗಿ ಮಾತ್ರ ಮಣ್ಣಿನ ಮಟ್ಟಸ ಮಾಳಿಗೆಯನ್ನು ಬರೆದಳು. ಮೇಲೆ ಅವಳ ಅಜ್ಜಿ ಬುಟ್ಟಿಯಲ್ಲಿ ಮಣ್ಣು ಹೊತ್ತು ನಿಂತಿದ್ದಾಳೆ. ಕೆಳಗೆ ಜಂತಿಯ ಸಂದಿನಿಂದ ಹನಿ ಬೀಳುವಲ್ಲಿ ಒಂದು ಬೋಗುಣಿ. ಕೇಳಿದಾಗ, “ಸರ್, ಮಳಿಗಾಲಕ್ಕ ಮದಲ ಮಣ್ಣ ಹಾಕಿ ತುಳೀಲಿಕ್ರ ಮಾಳಗಿ ಸೋರ್ತದ್ರಿ. ನಮ್ಮಜ್ಜಿ ವರ್ಷಾ ಹಾಕ್ತಾಳ್ರಿ” ಎಂದಳು. ಹೆಂಚಿನ ಮನೆ ಸೋರಿದರೆ ಒಡೆದ ಹೆಂಚನ್ನು ಬದಲಿಸಿದರೆ ತೀರಿತು. ಮಾಳಿಗೆ ಹಾಗಲ್ಲ. ಅದನ್ನು ವರ್ಷವರ್ಷವೂ ನೋಡಿಕೊಳ್ಳಬೇಕು, ಒಂದು ವರ್ಷ ಮೈಮರೆತರೆ ಎಲ್ಲಿಂದ ಸೋರುತ್ತಿದೆ ಎಂಬುದೇ ತಿಳಿಯದು. ದೇಹ, ಮನಸ್ಸು, ಮರವೆ, ಎಚ್ಚರಗಳ ಮಾತನ್ನು ಶರೀಫರು ಮಾಳಿಗೆಯ ಮೂಲಕ ಏಕೆ ಹೇಳಿದರೆಂಬುದು ಮೂವತ್ತು ವರ್ಷ ಪಾಠ ಹೇಳಿದ ನಮಗೆ ಅಂದು ಸ್ಪಷ್ಟವಾಯಿತು. ಪದದ ಧ್ವನಿ ಇರುವುದು ಆ ಮಣ್ಣಿನಲ್ಲಿ. ಹೆಂಚಿನ ಚಿತ್ರ ಎಷ್ಟೇ ಅಂದವಾಗಿರಲಿ, ಅರ್ಥವನ್ನು ಅದು ಹೊರಗೆ ನಿಲ್ಲಿಸುತ್ತದೆ. ಗಡಿಯ ಮಗುವಿನ ಮನೆಯಲ್ಲಿ ಇನ್ನೂ ಉಳಿದಿರುವ ಮಾಳಿಗೆ ಎಂಬ ಮಾತು, ಆ ಮಗುವಿನ ಕಣ್ಣಿನಿಂದಲೇ ಹೀಗೆ ಅಳಿಸಿಹೋಗುತ್ತಿದೆ. ನಮ್ಮ ಕಳವಳವೆಲ್ಲ ಇದಕ್ಕಾಗಿ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಸೂಚನೆ. ಮೊಬೈಲನ್ನು ಬಯ್ಯುವುದರಿಂದ ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ ಒಂದು ಹಾಡನ್ನು ಮೊದಲು ಕಣ್ಣು ಮುಚ್ಚಿ ಕೇಳಿಸಿರಿ; ಮಕ್ಕಳು ತಮ್ಮ ಚಿತ್ರವನ್ನು ಬರೆಯಲಿ; ಆಮೇಲೆ ಆಲ್ಬಮ್ಮಿನ ಮುಖಚಿತ್ರವನ್ನೂ ವಿಡಿಯೋವನ್ನೂ ತೋರಿಸಿ, ಪಟೇಲನ ಶಾಟೋ ಜೀತದಾಳಿನದೋ ಸಂಘದ್ದೋ ಎಂದು ಕೇಳಿರಿ. ಝರಾಸಂಗಮ ಮಂಡಲದ ಮಾಚನೂರಿನಲ್ಲಿ 2008ರಲ್ಲಿ ಆರಂಭವಾದ ಸಂಘಂ ರೇಡಿಯೋದಲ್ಲಿ ಅದೇ ಮಹಿಳೆಯರು ಚಿತ್ರವಿಲ್ಲದ ಹಾಡನ್ನೂ ಹಾಡಿ ತೋರಿಸಿದ್ದಾರೆ. ಅವರು ತೆಲುಗಿನಲ್ಲಿ ಮಾಡಿದ್ದನ್ನು ನಾವು ಕನ್ನಡದಲ್ಲಿ ಮಾಡಲು ಅಡ್ಡಿಯೇನಿಲ್ಲ. ಆ ಹುಡುಗಿಯ ಚಿತ್ರ ಈಗ ನಮ್ಮ ಶಾಲೆಯ ಉಪಾಧ್ಯಾಯರ ಕೊಠಡಿಯ ಗೋಡೆಯ ಮೇಲಿದೆ. ನ್ಯಾಲ್ಕಲ್ ಕಡೆ ಬಂದ ಬಂಧುಗಳು ಅದನ್ನು ನೋಡಿ, ನಮ್ಮ ವಿವೇಚನೆಯಲ್ಲಿ ಲೋಪಗಳಿದ್ದರೆ ತಿದ್ದಬೇಕಾಗಿ ಪ್ರಾರ್ಥನೆ.