ಚೋಮನಿಗೆ ದುಡಿ, ಬೆಳ್ಳಿಗೇನು?

ಕಥೆ ಕಾದಂಬರಿಗಳಲ್ಲಿ ಬರುವ ಸಂಕೇತಗಳನ್ನು ಪಾಠ ಹೇಳುವ ಸುಲಭ ಮಾರ್ಗವೊಂದು ನಮ್ಮ ಶಾಲೆಗಳಲ್ಲಿ ರೂಢಿಯಾಗಿದೆ. ಕೃತಿಯ ಒಂದು ವಸ್ತುವನ್ನು ಕರಿಹಲಗೆಯ ಎಡಕ್ಕೆ ಬರೆಯುವುದು, ನಡುವೆ ಸಮಚಿಹ್ನೆ ಇಡುವುದು, ಬಲಕ್ಕೆ ಅದರ 'ಅರ್ಥ'ವನ್ನು ಬರೆದು ಮಕ್ಕಳಿಂದ ನಕಲು ಮಾಡಿಸುವುದು. ನಾವೂ ಹಾಗೆಯೇ ಮಾಡಿದವರು. ಏಳನೆಯ ತರಗತಿಯಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ'ಯ ಕಥೆಯನ್ನು ಹೇಳಿ ಮುಗಿಸಿ, 'ದುಡಿ ಎಂದರೆ ದುಃಖ' ಎಂದು ಬರೆಯಿಸಿದೆವು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಚೋಮಗ ದುಡಿ ಅದ. ಬೆಳ್ಳಿಗಿ ಏನದರಿ?" ಎಂದು ಕೇಳಿದಳು. ಗಂಟೆ ಬಾರಿಸಿದ್ದರಿಂದ ನಾವು ಪಾರಾದೆವು. ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ.

1933ರಲ್ಲಿ ಪ್ರಕಟವಾದ ಈ ಕಾದಂಬರಿ ಕಿರಿಯರಿಗಾಗಿ ಬರೆದುದಲ್ಲ. ಆದರೆ ಇದರಲ್ಲಿ ಪೆಟ್ಟು ತಿಂದವರೆಲ್ಲ ಬಹುಮಟ್ಟಿಗೆ ಕಿರಿಯರೇ. ಅಸ್ಪೃಶ್ಯನೆನಿಸಿಕೊಂಡ ಜೀತದಾಳು ಚೋಮನಿಗೆ ತಾಯಿಯಿಲ್ಲದ ಐವರು ಮಕ್ಕಳು. ತೋಟದ ಸಾಲವನ್ನು ತೀರಿಸಲು ಹೋದ ಹಿರಿಯ ಮಕ್ಕಳಲ್ಲಿ ಚನಿಯನು ಜ್ವರದಿಂದ ಸಾಯುತ್ತಾನೆ; ಗುರುವನು ಕ್ರೈಸ್ತ ಹುಡುಗಿಯನ್ನು ವರಿಸಿ ಮನೆಗೆ ಎರವಾಗುತ್ತಾನೆ. ಕಿರಿಯವನು ಜನರ ಕಣ್ಣೆದುರಿಗೇ ನೀರಿನಲ್ಲಿ ಮುಳುಗುತ್ತಾನೆ. ಮುಟ್ಟಿದರೆ ಮೈಲಿಗೆಯೆಂದು ಅವನನ್ನು ಯಾರೂ ಎತ್ತುವುದಿಲ್ಲ. ಮಗಳು ಬೆಳ್ಳಿ ಅದೇ ತೋಟಕ್ಕೆ ದುಡಿಯಲು ಹೋಗಿ, ಸಾಲ ತೀರಿತೆಂಬ ಸುದ್ದಿಯೊಡನೆ ಮರಳುತ್ತಾಳೆ.

ಮೊದಲು ದುಡಿಯ ಮಾತು. ಅದು ಕರಾವಳಿಯ ಒಂದು ಸಣ್ಣ ಚರ್ಮವಾದ್ಯ. ಜಹೀರಾಬಾದು, ನಾರಾಯಣಖೇಡಗಳ ಕಡೆಯ ನಮ್ಮ ಮಕ್ಕಳು ಅದನ್ನು ಕಂಡವರಲ್ಲ. ಅವರು ಬಲ್ಲುದು ಹಲಗಿಯನ್ನು. ಆದರೂ ಅವರಿಗೆ ಒಂದು ಸಂಗತಿ ಬೇಗ ತಿಳಿಯಿತು: ಮದುವೆಗೂ ಹಲಗಿಯೇ, ಹೆಣಕ್ಕೂ ಹಲಗಿಯೇ. ಚೋಮನ ದುಡಿಯೂ ಅಂಥದೇ. ಹೆಂಡ ಕುಡಿದ ಸಂತೋಷಕ್ಕೂ ಅದೇ ದುಡಿ, ಒಡೆಯನ ಮನೆಯಲ್ಲಿ ಬೇಸಾಯದ ಭೂಮಿ ದೊರೆಯದೆ ಬಂದ ಸಿಟ್ಟಿಗೂ ಅದೇ, ಮಗನನ್ನು ಕಳೆದುಕೊಂಡ ಸಂಕಟಕ್ಕೂ ಅದೇ. 'ದುಡಿ ಎಂದರೆ ದುಃಖ' ಎಂದ ನಮ್ಮ ಸಮೀಕರಣ ಅಲ್ಲಿಗೇ ಮುರಿದುಬಿತ್ತು.

ತಾಂಡೂರಿನಿಂದ ವಾಡಿಯ ಕಡೆಗೆ ಹೋಗುವ ರೈಲು ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. ಅದೇ ನೃಪತುಂಗನ ಮಾನ್ಯಖೇಟದ ಸೀಮೆ. 1956ರಲ್ಲಿ ನಮ್ಮ ತಾಲೂಕುಗಳು ಗಡಿಯ ಈಚೆಗೆ ಉಳಿದರೂ 'ಕವಿರಾಜಮಾರ್ಗ' ಹುಟ್ಟಿದ ನೆಲ ನಮಗೆ ದೂರವಲ್ಲ. ಒಂಬತ್ತನೆಯ ಶತಮಾನದ ಆ ಗ್ರಂಥ ಅಲಂಕಾರಗಳ ಸಾಲಿನಲ್ಲಿ ಧ್ವನಿಯನ್ನೂ ಹೆಸರಿಸುತ್ತದೆ. ಮಾತು ನೇರವಾಗಿ ಹೇಳದುದು ಮಾತಿನ ಆಚೆಗೆ ಹೊಳೆಯುವುದೇ ಧ್ವನಿ. ಕಾರಂತರ ಗದ್ಯ ಉಪಮೆ ರೂಪಕಗಳನ್ನು ಹೇರಿಕೊಂಡ ಗದ್ಯವಲ್ಲ. ವಾಕ್ಯವನ್ನು ಸಿಂಗರಿಸುವ ಬದಲು ಅವರು ವಸ್ತುವನ್ನು ಸುಮ್ಮನೆ ಎದುರಿಗಿಡುತ್ತಾರೆ. ಚೋಮನಿಗೆ ಆಡಲು ಮಾತಿಲ್ಲದೆಡೆ ಚರ್ಮ ನುಡಿಯುತ್ತದೆ. ಆಘಾತಕ್ಕೊಳಗಾದವನು ಅದನ್ನು ಕಥೆಯಾಗಿ ಹೇಳಲಾರ, ಒಂದೇ ಪೆಟ್ಟನ್ನು ಮತ್ತೆ ಮತ್ತೆ ಹೊಡೆಯಬಲ್ಲ. ಬಾಗಿಲು ಮುಚ್ಚಿಕೊಂಡು ಸಾಯುವವರೆಗೆ ದುಡಿ ಬಾರಿಸುವ ಕೊನೆಯ ಪ್ರಸಂಗಕ್ಕೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ನಮಗೆ ಬೇಕೆನಿಸಿಲ್ಲ.

ಎತ್ತುಗಳ ವಿಷಯ ಇನ್ನೂ ತೊಡಕಿನದು. ಕಾಡಿನಲ್ಲಿ ಸಿಕ್ಕ ಜೋಡಿಯನ್ನು ಚೋಮನು ಸಾಕುತ್ತಾನೆ. ಉಳುವುದಕ್ಕೆ ಅವನಿಗೆ ಗೇಣು ನೆಲವಿಲ್ಲ. ವಿಮರ್ಶಕರು ಈ ಎತ್ತುಗಳನ್ನು ಅವನ ಬೇಸಾಯದ ಆಸೆಯ ಸಂಕೇತವೆನ್ನುತ್ತಾರೆ. ಸರಿಯೇ. ಆದರೆ ನಮ್ಮ ತರಗತಿಯ ಹುಡುಗನೊಬ್ಬ, ಎತ್ತಿನ ಸಂತೆಯ ಬೆಲೆ ಬಲ್ಲವನು, "ಎತ್ತು ಮಾರಿದ್ರ ಸಾಲ ಮುಟ್ತಿತ್ತಲ್ರಿ" ಎಂದ. ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಚೋಮನು ಎತ್ತುಗಳನ್ನು ಮಾರಲೊಲ್ಲದೆ ಮಕ್ಕಳನ್ನು ಕಳಿಸಿದ. ಸಂಕೇತಕ್ಕೂ ಹುಲ್ಲು ನೀರು ಬೇಕು; ಅದರ ಬೆಲೆಯನ್ನು ಯಾರೋ ತೆರಬೇಕು. ಇಲ್ಲಿ ತೆತ್ತವರು ಮೊದಲು ಚನಿಯ ಮತ್ತು ಗುರುವ, ಆಮೇಲೆ ಬೆಳ್ಳಿ. ಇಷ್ಟನ್ನು ಕಂಡ ಮೇಲೂ ಚೋಮನ ಮೇಲೆ ಸಿಟ್ಟಾಗಲು ಕಾರಂತರು ನಮ್ಮನ್ನು ಬಿಡುವುದಿಲ್ಲ. ಒಬ್ಬ ಮನುಷ್ಯನಿಗೆ ಉಳುವ ಹಕ್ಕನ್ನೇ ಕೊಡದ ಊರು ಅವನ ಬೆನ್ನಿಗಿದೆ. ಜೀತ ನಿಷೇಧದ ಕಾಯಿದೆ ಬಂದುದು 1976ರಲ್ಲಿ, ಕಾದಂಬರಿ ಬಂದ 43 ವರ್ಷಗಳ ಮೇಲೆ.

ಈಗ ಆ ಹುಡುಗಿಯ ಪ್ರಶ್ನೆ. ತೋಟದಲ್ಲಿ ತನಗೇನಾಯಿತೆಂದು ಬೆಳ್ಳಿ ತಂದೆಗೆ ಹೇಳುವುದಿಲ್ಲ. ಸಾಲ ಹೇಗೆ ತೀರಿತೆಂದು ತಂದೆ ಅಗೆದು ಕೇಳುವುದಿಲ್ಲ. ತೋಟದ ಮನ್ವೇಲನೊಡನೆ ಅವಳನ್ನು ಕಂಡ ದಿನ ಹೊಡೆದು ಹೊರಗಟ್ಟುತ್ತಾನೆ; ಎತ್ತುಗಳನ್ನು ಕಾಡಿಗೆ ಬಿಡುತ್ತಾನೆ; ದುಡಿಯನ್ನು ಕೈಗೆತ್ತಿಕೊಳ್ಳುತ್ತಾನೆ. ಅವನ ನೋವಿಗೆ ವಾದ್ಯವಿದೆ, ಪ್ರಾಣಿಗಳಿವೆ, ಪುಸ್ತಕದ ಹೆಸರೇ ಇದೆ. ಅವಳ ನೋವಿಗೆ ಒಂದು ವಸ್ತುವೂ ಇಲ್ಲ. ಗಂಜಿ ಕಾಯಿಸಿದ, ತಮ್ಮಂದಿರನ್ನು ಸಾಕಿದ ಕೈಗಳು ಮಾತ್ರ ಇವೆ.

ಇದು ಕಾರಂತರ ಕೊರತೆಯೋ ಕಲೆಯೋ ಎಂದು ನಾವು ಬಹಳ ದಿನ ತೂಗಿದೆವು. ಬೆಳ್ಳಿಯ ಮೌನ ಸತ್ಯವಾದುದು. ಅಂಥ ಹುಡುಗಿಯರು ಅಂಥ ಮನೆಗಳಲ್ಲಿ ಹೇಳುವುದಿಲ್ಲ. ಅವಳ ಬಾಯಲ್ಲಿ ಭಾಷಣವಿಡದ ಸಂಯಮವನ್ನು ಮೆಚ್ಚಲೇಬೇಕು. ಆದರೆ ಕಾದಂಬರಿಯ ದೃಷ್ಟಿ ಅವಳನ್ನು ಬಾಗಿಲ ಹೊರಗೆ ಬಿಟ್ಟು ತಂದೆಯೊಡನೆ ಒಳಗೆ ಉಳಿಯುತ್ತದೆಂಬುದೂ ಸತ್ಯ. ನಮ್ಮ ಅಭಿಪ್ರಾಯದಲ್ಲಿ ಅದು ಕೊರತೆಯೇ, ದೊಡ್ಡ ಕೃತಿಯ ಕೊರತೆ. 1975ರಲ್ಲಿ ಬಿ. ವಿ. ಕಾರಂತರು ಮಾಡಿದ ಚಲನಚಿತ್ರ ಸ್ವರ್ಣಕಮಲವನ್ನು ಪಡೆಯಿತು, ಚೋಮನಾಗಿ ನಟಿಸಿದ ವಾಸುದೇವರಾಯರಿಗೂ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ನೋಡಿದವರ ಕಿವಿಯಲ್ಲಿ ಉಳಿಯುವುದೂ ದುಡಿಯೇ.

ಪ್ರಶ್ನೆ ಕೇಳಿದ ಹುಡುಗಿ ಆ ವರ್ಷ ಮನೆಯವರೊಡನೆ ಕೂಲಿಗೆಂದು ಬೇರೆ ಊರಿಗೆ ಹೋಗಿ, ಎರಡು ತಿಂಗಳ ಮೇಲೆ ಶಾಲೆಗೆ ಮರಳಿದ್ದಳು. ಆಗ ನಾವು ಕೇಳಿದ್ದು ಗೈರುಹಾಜರಿಯ ಕಾರಣವೊಂದನ್ನೇ. ಹಾಜರಿ ಪುಸ್ತಕದಲ್ಲಿ 'ಪರಸ್ಥಳ' ಎಂದು ಬರೆದು ಮುಗಿಸಿದ್ದೆವು. ಮಾರನೆಯ ದಿನ ಕರಿಹಲಗೆಯ ಮೇಲಿನ ಸಮಚಿಹ್ನೆಯನ್ನು ಅಳಿಸಿ, ಬೆಳ್ಳಿಗೆ ಒಂದು ವಸ್ತುವನ್ನು ಕೊಡುವುದಾದರೆ ಯಾವುದನ್ನು ಕೊಡುವಿರೆಂದು ಎಲ್ಲರಿಗೂ ಕೇಳಿದೆವು. ಒಬ್ಬ ಕುಡುಗೋಲು ಎಂದು ಬರೆದ. ಇಬ್ಬರು ಕೊಡ ಎಂದರು. ತೋಟದ ದಾರಿ ಎಂದೂ ಒಂದು ಉತ್ತರವಿತ್ತು. ಆ ಹುಡುಗಿ ಹಾಳೆಯನ್ನು ಬರಿದೇ ಕೊಟ್ಟಳು. ಅಂಕ ಹಾಕದೆ ಅದನ್ನು ತೆಗೆದಿರಿಸಿದೆವು. ಸಂಜೆ ಶಾಲೆ ಬಿಟ್ಟ ಮೇಲೆ ಅವಳ ತಾಯಿಯನ್ನು ಕಂಡು ಬಂದೆವು.

ನಾರಾಯಣಖೇಡ, ತಾಂಡೂರುಗಳ ಉಪಾಧ್ಯಾಯ ಮಿತ್ರರು ಇದೇ ಪ್ರಶ್ನೆಯನ್ನು ತಮ್ಮ ತರಗತಿಗಳಲ್ಲಿ ಕೇಳಿ, ಮಕ್ಕಳು ಕೊಟ್ಟ ಉತ್ತರಗಳನ್ನು ತಿದ್ದದೆ ಸಂಘದ ವಿಳಾಸಕ್ಕೆ ಕಳಿಸಿದರೆ ಉಪಕಾರವಾದೀತು.